ಅವರ್‌ಫ್ಯಾಮಿಲಿವಿಜಾರ್ಡ್: ಮಗುವಿನ ಬಾಯಲ್ಲಿ ಮಾತು ಕಳಿಸುವುದನ್ನು ನಿಲ್ಲಿಸಲು ನೆರವಾಗುವ ಆ್ಯಪ್

ವಿಚ್ಛೇದನದೊಂದಿಗೆ ಗಂಡ-ಹೆಂಡತಿಯ ಸಂಬಂಧ ಮುಗಿಯುತ್ತದೆ. ಆದರೆ ಮಕ್ಕಳಿರುವ ಇಬ್ಬರು ಅಪ್ಪ-ಅಮ್ಮನಾಗಿ ಇನ್ನೂ ಅನೇಕ ವರ್ಷ ಒಬ್ಬರಿಗೊಬ್ಬರು ವಿಷಯ ತಿಳಿಸುತ್ತಲೇ ಇರಬೇಕಾಗುತ್ತದೆ. ಶಾಲೆಯ ಫೀಸಿನ ಕಂತು ಕಟ್ಟಿಯಾಯಿತೇ, ಜ್ವರದ ಔಷಧಿಯನ್ನು ಕೊನೆಯ ಸಲ ಎಷ್ಟು ಗಂಟೆಗೆ ಕೊಟ್ಟದ್ದು, ರಜೆಯ ಮೊದಲ ವಾರ ಮಗು ಯಾರ ಮನೆಯಲ್ಲಿರಬೇಕು ಎಂಬಂಥ ಸಣ್ಣ ಸಣ್ಣ ಸಂಗತಿಗಳು ಒಂದು ಮನೆಯಿಂದ ಇನ್ನೊಂದು ಮನೆಗೆ ದಾಟಲೇಬೇಕು. ಮಾತು ನಿಂತುಹೋದ ಇಬ್ಬರ ನಡುವೆ ಇವನ್ನು ದಾಟಿಸುವ ಕೆಲಸ, ಯಾರೂ ಹಾಗೆಂದು ತೀರ್ಮಾನಿಸದಿದ್ದರೂ, ಮಗುವಿನ ಪಾಲಿಗೆ ಬಂದುಬಿಡುತ್ತದೆ. ‘ಈ ಶನಿವಾರ ಆಗುವುದಿಲ್ಲ ಅಂತ ಅಪ್ಪನಿಗೆ ಹೇಳು’, ‘ಶೂ ತೆಗೆದುಕೊಟ್ಟ ಹಣ ಯಾವಾಗ ಕೊಡ್ತಾಳೆ ಅಂತ ಅಮ್ಮನನ್ನು ಕೇಳು’ ಎಂಬ ಮಾತುಗಳು ಹೇಳುವವರಿಗೆ ಹಗುರವಾಗಿಯೇ ತೋರುತ್ತವೆ. ಆದರೆ ಆ ಮಾತನ್ನು ಹೊತ್ತು ಹೋಗುವ ಮಗು ಕೇಳುವವರ ಮುಖ ಬಿಗಿಯುವುದನ್ನು ನೋಡುತ್ತದೆ, ಉತ್ತರವನ್ನು ಹೊತ್ತು ಹಿಂದಿರುಗುತ್ತದೆ, ಸ್ವಲ್ಪ ಕಾಲದಲ್ಲೇ ಯಾರಿಗೆ ಯಾವುದನ್ನು ಎಷ್ಟು ಮೆತ್ತಗೆ ಮಾಡಿ ಹೇಳಬೇಕೆಂಬುದನ್ನು ಕಲಿತುಬಿಡುತ್ತದೆ.

ಸಹಪಾಲನೆಗೆಂದೇ ರೂಪಿಸಿದ ಆ್ಯಪ್‌ಗಳನ್ನು ನಾನು ಅಳೆಯುವುದು ಈ ಒಂದೇ ಮಾನದಂಡದಿಂದ: ಈ ಹೊರೆಯನ್ನು ಮಗುವಿನ ಹೆಗಲಿನಿಂದ ಇಳಿಸಲು ಅದು ನೆರವಾಗುತ್ತದೆಯೇ, ಇಲ್ಲವೇ? ನಾನೂ ನನ್ನ ಮಗಳ ತಂದೆಯೂ ಬೇರೆ ಬೇರೆ ಮನೆಗಳಿಂದ ಬಳಸುತ್ತಿರುವ ಅವರ್‌ಫ್ಯಾಮಿಲಿವಿಜಾರ್ಡ್ ಈ ಬಗೆಯ ಸೇವೆಗಳಲ್ಲಿ ಹಳೆಯದು. 2001ರಲ್ಲಿ ಅಮೆರಿಕದಲ್ಲಿ ಜಾಲತಾಣವಾಗಿ ಆರಂಭಗೊಂಡ ಇದು ಈಗ ಫೋನಿನ ಆ್ಯಪ್ ಆಗಿಯೂ ದೊರೆಯುತ್ತದೆ. ಅಲ್ಲಿನ ಕುಟುಂಬ ನ್ಯಾಯಾಲಯಗಳು, ಜಗಳ ತೀವ್ರವಾಗಿರುವ ಪ್ರಕರಣಗಳಲ್ಲಿ, ಪಾಲಕರಿಬ್ಬರೂ ಇಂಥ ಆ್ಯಪ್ ಮೂಲಕವೇ ವ್ಯವಹರಿಸಬೇಕೆಂದು ಆದೇಶಿಸುವುದುಂಟು. ನಮಗೆ ಯಾರೂ ಆದೇಶಿಸಲಿಲ್ಲ, ನಾವಾಗಿಯೇ ಒಪ್ಪಿ ಸೇರಿಕೊಂಡೆವು. ಸ್ವಂತ ಇಚ್ಛೆಯಿಂದ ಸೇರುವವರ ಅನುಭವಕ್ಕೂ ಆದೇಶದ ಮೇರೆಗೆ ಸೇರುವವರ ಅನುಭವಕ್ಕೂ ಅಂತರವಿರುತ್ತದೆ ಎಂಬುದನ್ನು ಮುಂದಿನ ಮಾತುಗಳನ್ನು ಓದುವಾಗ ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಮೊದಲಿಗೆ ಕ್ಯಾಲೆಂಡರ್. ಇದೇ ಈ ಸೇವೆಯ ಬೆನ್ನೆಲುಬು ಎಂದು ನನ್ನ ಅಭಿಪ್ರಾಯ. ಎರಡು ಮನೆಗಳ ನಡುವೆ ಮಗುವಿನ ದಿನಗಳನ್ನು ಹಂಚುವ ಕೆಲವು ಪ್ರಸಿದ್ಧ ಕ್ರಮಗಳಿವೆ. ಒಂದು ವಾರ ಇಲ್ಲಿ, ಒಂದು ವಾರ ಅಲ್ಲಿ ಎಂಬುದು ಅತ್ಯಂತ ಸರಳವಾದದ್ದು. ಎರಡು-ಎರಡು-ಮೂರು ಎಂಬ ಕ್ರಮದಲ್ಲಿ ಮಗು ಎರಡು ದಿನ ಒಬ್ಬರಲ್ಲಿ, ಮುಂದಿನ ಎರಡು ದಿನ ಇನ್ನೊಬ್ಬರಲ್ಲಿ, ಆಮೇಲಿನ ಮೂರು ದಿನ ಮತ್ತೆ ಮೊದಲಿನವರಲ್ಲಿ ಇರುತ್ತದೆ. ಮರುವಾರ ಸರದಿ ತಿರುಗುತ್ತದೆ. ಇದರಲ್ಲಿ ಮಗು ಯಾರನ್ನೂ ಮೂರು ದಿನಕ್ಕಿಂತ ಹೆಚ್ಚು ಬಿಟ್ಟಿರಬೇಕಾಗುವುದಿಲ್ಲವಾದ್ದರಿಂದ ತೀರ ಚಿಕ್ಕ ಮಕ್ಕಳಿರುವವರು ಇದನ್ನು ಆರಿಸಿಕೊಳ್ಳುತ್ತಾರೆ. ಆದರೆ ವಾರದಿಂದ ವಾರಕ್ಕೆ ದಿನಗಳು ಬದಲಾಗುವುದರಿಂದ ಲೆಕ್ಕ ಇಟ್ಟುಕೊಳ್ಳುವುದು ಬಹಳ ಕಷ್ಟ. ಎರಡು-ಎರಡು-ಐದು-ಐದು ಎಂಬ ಕ್ರಮದಲ್ಲಿ ವಾರದ ಕೆಲವು ದಿನಗಳು ಸದಾ ಒಬ್ಬರವು, ಕೆಲವು ಸದಾ ಇನ್ನೊಬ್ಬರವು, ವಾರಾಂತ್ಯ ಮಾತ್ರ ಸರದಿಯಂತೆ. ಶಾಲೆಗೆ ಹೋಗುವ ಮಕ್ಕಳಿಗೆ, ‘ಬುಧವಾರ ಎಂದರೆ ಅಪ್ಪನ ಮನೆ’ ಎಂಬ ನಿಶ್ಚಿತತೆ ಇದರಿಂದ ಸಿಗುತ್ತದೆ.

ಆ್ಯಪ್‌ನಲ್ಲಿ ಈ ಕ್ರಮವನ್ನು ಒಮ್ಮೆ ತುಂಬಿಸಿದರೆ ಮುಂದಿನ ತಿಂಗಳುಗಳಿಗೂ ಅದು ತಾನಾಗಿಯೇ ಹರಡಿಕೊಳ್ಳುತ್ತದೆ. ಇಬ್ಬರ ದಿನಗಳೂ ಎರಡು ಬಣ್ಣಗಳಲ್ಲಿ ಕಾಣುತ್ತವೆ, ರಜೆಗಳನ್ನು ಪ್ರತ್ಯೇಕವಾಗಿ ಮೇಲೆ ಕೂರಿಸಬಹುದು. ಒಂದು ದಿನವನ್ನು ಅದಲುಬದಲು ಮಾಡಬೇಕಾದಾಗ ಕೋರಿಕೆ ಕಳಿಸಲು ಬೇರೆಯೇ ನಮೂನೆ ಇದೆ. ಯಾವ ದಿನ ಬಿಟ್ಟುಕೊಡುತ್ತೇನೆ, ಬದಲಿಗೆ ಯಾವ ದಿನ ಕೇಳುತ್ತೇನೆ ಎಂಬುದನ್ನು ಅದರಲ್ಲಿ ತುಂಬಬೇಕು, ಎದುರಿನವರು ಒಪ್ಪಬಹುದು ಅಥವಾ ನಿರಾಕರಿಸಬಹುದು. ಕೇಳಲು ಇದು ಸರ್ಕಾರಿ ಅರ್ಜಿಯಂತೆ ಒಣಗಿದ್ದಾಗಿ ತೋರಬಹುದು. ಆದರೆ ಈ ಒಣತನವೇ ಇಲ್ಲಿ ದೊಡ್ಡ ಉಪಕಾರ. ದಿನ ಬದಲಿಸುವ ಮಾತು ಫೋನಿನಲ್ಲಿ ನಡೆದಾಗ ಎರಡನೆಯ ವಾಕ್ಯಕ್ಕೇ ಹಳೆಯ ಮದುವೆಯ ಲೆಕ್ಕ ಶುರುವಾಗುತ್ತದೆ. ನಮೂನೆಯಲ್ಲಿ ಅದಕ್ಕೆ ಜಾಗವಿಲ್ಲ. ನನ್ನ ಮಗಳಿಗೆ ಈಗ ವಾರಾಂತ್ಯದ ವಿಷಯ ತಿಳಿಯುವುದು ತೀರ್ಮಾನವಾದ ಮೇಲೆ, ಇಬ್ಬರಿಂದಲೂ ಒಂದೇ ರೀತಿಯಾಗಿ. ಅದರ ಮೊದಲಿನ ಚೌಕಾಸಿ ಅವಳ ಕಿವಿಗೆ ಬೀಳುವುದೇ ಇಲ್ಲ.

ಸಂದೇಶಗಳ ಭಾಗದ ಬಗ್ಗೆ ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ಈ ಆ್ಯಪ್ ಸಾಮಾನ್ಯ ವಾಟ್ಸ್ಆ್ಯಪ್‌ಗಿಂತ ಬೇರೆಯಾಗುವುದು ಇಲ್ಲಿಯೇ. ಕಳಿಸಿದ ಸಂದೇಶವನ್ನು ತಿದ್ದಲಾಗದು, ಅಳಿಸಲಾಗದು, ಹಿಂದಕ್ಕೆ ಪಡೆಯಲಾಗದು. ಕಳಿಸಿದ ಸಮಯವೂ ಎದುರಿನವರು ಅದನ್ನು ಮೊದಲ ಬಾರಿ ತೆರೆದು ನೋಡಿದ ಸಮಯವೂ ದಾಖಲಾಗುತ್ತವೆ. ಪ್ರತಿ ಸಂದೇಶಕ್ಕೂ ವಿಷಯದ ಶೀರ್ಷಿಕೆ ಕೊಟ್ಟು, ಇಮೇಲ್‌ನಂತೆ ಒಂದು ವಿಷಯದ ಮಾತುಗಳನ್ನೆಲ್ಲ ಒಂದೇ ಸರಣಿಯಲ್ಲಿ ಇಡಬಹುದು. ಹಲ್ಲಿನ ವೈದ್ಯರ ವಿಷಯ ಹುಡುಕಲು ಹೋದವರು ಮೂರು ತಿಂಗಳ ಹಿಂದಿನ ಜಗಳವನ್ನು ಮತ್ತೆ ಓದಬೇಕಾಗುವುದಿಲ್ಲ. ಬೇಕಾದಾಗ ಇಡೀ ದಾಖಲೆಯನ್ನು ಇಳಿಸಿಕೊಂಡು ವಕೀಲರಿಗೋ ಮಧ್ಯಸ್ಥಿಕೆದಾರರಿಗೋ ಕೊಡಬಹುದು. ಇಬ್ಬರೂ ಒಪ್ಪಿದ ವೃತ್ತಿಪರರಿಗೆ ನೇರವಾಗಿ ನೋಡುವ ಅವಕಾಶ ನೀಡುವ ವ್ಯವಸ್ಥೆಯೂ ಇದೆ. ‘ನಾನು ಹಾಗೆ ಹೇಳಲೇ ಇಲ್ಲ’ ಎಂಬ ವಾಕ್ಯದಿಂದ ಆರಂಭವಾಗುವ ಜಗಳಗಳು ಇದರಿಂದ ನಿಂತುಹೋಗುತ್ತವೆ, ಮತ್ತು ಅಂಥ ಜಗಳಗಳಲ್ಲಿ ಸಾಕ್ಷಿಯಾಗಿ ಮಗುವನ್ನೇ ಕರೆಯುವ ಕೆಟ್ಟ ಅಭ್ಯಾಸವೂ ನಿಲ್ಲುತ್ತದೆ.

ಇದೇ ಗುಣದ ಇನ್ನೊಂದು ಮುಖವನ್ನು ಮರೆಮಾಚಬಾರದು. ಎಲ್ಲವೂ ದಾಖಲಾಗುತ್ತದೆ ಎಂದು ತಿಳಿದವರು ಎದುರಿನ ವ್ಯಕ್ತಿಗೆ ಬರೆಯುವುದನ್ನು ಬಿಟ್ಟು, ಎಂದೋ ಓದಬಹುದಾದ ನ್ಯಾಯಾಧೀಶರಿಗೆ ಬರೆಯಲು ತೊಡಗಬಹುದು. ಅಂಥ ಸಂದೇಶಗಳಲ್ಲಿ ಬೈಗುಳ ಇರುವುದಿಲ್ಲ, ಆದರೆ ಪ್ರತಿ ವಾಕ್ಯವೂ ದೂರಿನ ಪ್ರತಿಯಾಗಿರುತ್ತದೆ. ‘ಮೊನ್ನೆ ರಾತ್ರಿಯೇ ನೋಡಿದ್ದೀರಿ, ಇನ್ನೂ ಉತ್ತರವಿಲ್ಲ’ ಎಂದು ಸಮಯದ ಮುದ್ರೆಯನ್ನೇ ಅಸ್ತ್ರವಾಗಿಸುವುದೂ ಸಾಧ್ಯ. ಇದಕ್ಕೆ ಆ್ಯಪ್‌ನಲ್ಲಿ ಮದ್ದಿಲ್ಲ; ಉತ್ತರಿಸಲು ಇಷ್ಟು ಕಾಲಾವಕಾಶ, ತುರ್ತು ಎಂದರೆ ಇಂಥದ್ದು ಮಾತ್ರ, ಅದಕ್ಕೆ ಫೋನ್ ಕರೆ ಎಂದು ಇಬ್ಬರೂ ಮೊದಲೇ ಬರೆದಿಟ್ಟುಕೊಳ್ಳಬೇಕು. ನಾವು ಹಾಗೆ ಬರೆದಿಟ್ಟುಕೊಂಡ ಮೇಲೆ ಸಂದೇಶ ಬಂದ ಸದ್ದಿಗೆ ಎದೆ ಬಡಿದುಕೊಳ್ಳುವುದು ನನ್ನ ಮಟ್ಟಿಗೆ ಕಡಿಮೆಯಾಯಿತು.

ಬರೆದದ್ದರ ಧಾಟಿಯನ್ನು ಪರೀಕ್ಷಿಸಿ ಎಚ್ಚರಿಸುವ ಟೋನ್‌ಮೀಟರ್ ಎಂಬ ಸಾಧನ ಈ ಆ್ಯಪ್‌ನ ಹೆಗ್ಗುರುತು. ಕಾಗುಣಿತ ಪರೀಕ್ಷಕ ತಪ್ಪು ಪದವನ್ನು ತೋರಿಸುವಂತೆ ಇದು ಕೋಪದ ಅಥವಾ ಅವಮಾನದ ಧಾಟಿಯ ಮಾತನ್ನು ಕಳಿಸುವ ಮೊದಲೇ ಗುರುತಿಸಿ ತೋರಿಸುತ್ತದೆ. ಗುರುತಿಸಿದ ಮೇಲೂ ಕಳಿಸುವ ಸ್ವಾತಂತ್ರ್ಯ ಬರೆದವರಿಗೇ ಇರುತ್ತದೆ. ಆ ಕ್ಷಣದ ತಡೆ ಎಷ್ಟು ಬೆಲೆಯುಳ್ಳದ್ದೆಂಬುದು ಬಳಸಿದವರಿಗೆ ಗೊತ್ತು. ಆದರೆ ಎರಡು ಮಿತಿಗಳನ್ನು ಕನ್ನಡದಲ್ಲಿ ಬರೆಯುವವರು ತಿಳಿದಿರಬೇಕು. ಈ ಸಾಧನವನ್ನು ಇಂಗ್ಲಿಷ್ ಬರಹವನ್ನು ಕಣ್ಣೆದುರಿಟ್ಟುಕೊಂಡು ರೂಪಿಸಿದ್ದಾರೆ. ನಮ್ಮ ಕನ್ನಡದ, ಅದರಲ್ಲೂ ಇಂಗ್ಲಿಷ್ ಅಕ್ಷರದಲ್ಲಿ ಟೈಪು ಮಾಡುವ ಕನ್ನಡದ ಧಾಟಿಯನ್ನು ಅದು ಹಿಡಿಯುತ್ತದೆಂದು ನಂಬಿಕೊಳ್ಳಬಾರದು. ಎರಡನೆಯದು ಇನ್ನೂ ಆಳದ್ದು. ದಾಂಪತ್ಯ ಮುರಿದವರ ನಡುವಿನ ಅತ್ಯಂತ ಇರಿಯುವ ಸಂದೇಶದಲ್ಲಿ ಒಂದೂ ಒರಟು ಪದ ಇರುವುದಿಲ್ಲ. ‘ಎಂದಿನಂತೆ ಈ ಸಲವೂ ತಮಗೆ ಬಿಡುವಿರಲಿಕ್ಕಿಲ್ಲ, ಆದರೂ ತಿಳಿಸುವುದು ನನ್ನ ಧರ್ಮ’ ಎಂಬ ವಾಕ್ಯದಲ್ಲಿ ಯಾವ ಯಂತ್ರವೂ ದೋಷ ಕಾಣಲಾರದು. ಓದಿದವರಿಗೆ ಮಾತ್ರ ಆ ದಿನವೆಲ್ಲ ಹಾಳು.

ಆದ್ದರಿಂದ ಯಂತ್ರದ ಜೊತೆಗೆ ಒಂದು ಶಿಸ್ತೂ ಬೇಕು. ವಕೀಲರೂ ಸಮಾಜಕಾರ್ಯಕರ್ತರೂ ಆದ ಅಮೆರಿಕದ ಬಿಲ್ ಎಡ್ಡಿ ಅವರು ರೂಪಿಸಿದ ಬಿಫ್ ಎಂಬ ಕ್ರಮ ನನಗೆ ಹಿಡಿಸಿದೆ: ಉತ್ತರ ಚಿಕ್ಕದಾಗಿರಲಿ, ಅದರಲ್ಲಿ ಮಾಹಿತಿ ಮಾತ್ರ ಇರಲಿ, ಧಾಟಿ ಸ್ನೇಹದ್ದಾಗಿರಲಿ, ಮಾತು ದೃಢವಾಗಿರಲಿ. ‘ಗುರುವಾರ ಸಂಜೆ ಐದಕ್ಕೆ ಕರೆದುಕೊಂಡು ಬರುತ್ತೇನೆ. ಕೆಮ್ಮಿನ ಸಿರಪ್ ಚೀಲದಲ್ಲಿದೆ, ರಾತ್ರಿ ಒಮ್ಮೆ ಕೊಡಬೇಕು. ಧನ್ಯವಾದ.’ ಇಷ್ಟೇ. ಸಮರ್ಥನೆ ಇಲ್ಲ, ಉಪದೇಶ ಇಲ್ಲ, ಕ್ಷಮೆಯನ್ನು ಒತ್ತಾಯಿಸುವುದೂ ಇಲ್ಲ. ಹೀಗೆ ಬರೆಯುವುದು ಮೊದಮೊದಲು ಅಸಹಜವೆನಿಸುತ್ತದೆ, ಏಕೆಂದರೆ ಹತ್ತಾರು ವರ್ಷ ಬೇರೆ ಬಗೆಯಲ್ಲಿ ಮಾತಾಡಿದ ವ್ಯಕ್ತಿಗೆ ಈಗ ಸಹೋದ್ಯೋಗಿಗೆ ಬರೆಯುವಂತೆ ಬರೆಯಬೇಕಾಗುತ್ತದೆ. ಆದರೆ ಸಹಪಾಲನೆ ಎಂಬುದು ನಿಜಕ್ಕೂ ಅಂಥದ್ದೇ ಸಂಬಂಧ, ಮತ್ತು ಅದರಲ್ಲಿ ಅವಮಾನಕರವಾದುದು ಏನೂ ಇಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ.

ಖರ್ಚಿನ ಭಾಗ ಅಚ್ಚುಕಟ್ಟಾಗಿದೆ. ಶಾಲೆ, ವೈದ್ಯಕೀಯ, ಬಟ್ಟೆ, ಆಟಪಾಠ ಎಂದು ವಿಂಗಡಿಸಿ, ಯಾವ ಬಗೆಯ ಖರ್ಚಿನಲ್ಲಿ ಯಾರ ಪಾಲು ಶೇಕಡಾ ಎಷ್ಟು ಎಂದು ಮೊದಲೇ ನಮೂದಿಸಿದರೆ, ಪ್ರತಿ ರಸೀದಿಯ ಚಿತ್ರ ಸೇರಿಸಿದಾಗ ಎದುರಿನವರು ಕೊಡಬೇಕಾದ ಪಾಲನ್ನು ಅದೇ ಲೆಕ್ಕ ಹಾಕಿ ತೋರಿಸುತ್ತದೆ. ಆ್ಯಪ್‌ನೊಳಗಿಂದಲೇ ಹಣ ಕಳಿಸುವ ಸೌಲಭ್ಯ ಎಲ್ಲ ದೇಶಗಳಲ್ಲೂ ಇಲ್ಲ. ಹಣವನ್ನು ಬೇರೆ ದಾರಿಯಿಂದ ಕಳಿಸಿ, ಪಾವತಿಯಾಯಿತೆಂದು ಇಲ್ಲಿ ಗುರುತು ಹಾಕಿಕೊಳ್ಳಬಹುದು. ಮಗುವಿಗೆ ಸಂಬಂಧಿಸಿದ ಹಣದ ಮಾತು ಮಗುವಿನ ಎದುರು ಬರಬಾರದು ಎಂಬುದಕ್ಕೆ ಇದಕ್ಕಿಂತ ಉತ್ತಮ ಏರ್ಪಾಡು ನಾನು ಕಂಡಿಲ್ಲ. ತಾನು ಕೇಳಿದ ಬಣ್ಣದ ಪೆಟ್ಟಿಗೆ ಇಬ್ಬರ ನಡುವೆ ವಾದದ ವಿಷಯವಾಯಿತೆಂದು ತಿಳಿದ ಮಗು ಮುಂದೆ ಏನನ್ನೂ ಕೇಳದಂತಾಗುತ್ತದೆ, ಮತ್ತು ಆ ಕೇಳದಿರುವಿಕೆಯನ್ನು ನಾವು ಒಳ್ಳೆಯ ಗುಣವೆಂದು ತಪ್ಪಾಗಿ ಮೆಚ್ಚಿಕೊಳ್ಳುತ್ತೇವೆ.

ಮಾಹಿತಿ ಕೋಶದಲ್ಲಿ ಲಸಿಕೆಗಳ ವಿವರ, ಅಲರ್ಜಿಗಳು, ವೈದ್ಯರ ಮತ್ತು ಶಿಕ್ಷಕರ ಸಂಪರ್ಕ, ಬಟ್ಟೆ ಹಾಗೂ ಚಪ್ಪಲಿಯ ಅಳತೆ ಮುಂತಾದವನ್ನು ಇಡಬಹುದು. ಇದರ ಬಗ್ಗೆ ಹೆಚ್ಚು ವಿವರಿಸಬೇಕಾಗಿಲ್ಲ. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನಿಂತು ಮಗುವಿಗೆ ಯಾವ ಔಷಧಿ ಒಗ್ಗುವುದಿಲ್ಲವೆಂದು ಫೋನ್ ಮಾಡಿ ಕೇಳಬೇಕಾದ ಸ್ಥಿತಿಯನ್ನು ಊಹಿಸಿಕೊಂಡರೆ ಸಾಕು.

ದಿನಚರಿಯ ಭಾಗ ಮಾತ್ರ ನನಗೆ ಪೂರ್ತಿ ಸಮಾಧಾನ ತಂದಿಲ್ಲ. ಇದರಲ್ಲಿ ಖಾಸಗಿಯಾಗಿಯೂ ಹಂಚಿಕೊಳ್ಳುವಂತೆಯೂ ಟಿಪ್ಪಣಿ ಬರೆಯಬಹುದು. ಮಗುವಿನ ಶಾಲಾ ನಾಟಕದ ಚಿತ್ರವನ್ನು ಬರಲಾಗದ ಪಾಲಕರಿಗೆ ತಲುಪಿಸಲು ಇದು ಸುಂದರ ದಾರಿ. ಆದರೆ ಖಾಸಗಿ ಟಿಪ್ಪಣಿಯಲ್ಲಿ ‘ಇಂದು ಹದಿನೈದು ನಿಮಿಷ ತಡ’, ‘ಊಟ ಮಾಡಿಸದೆ ಕಳಿಸಿದ್ದಾರೆ’ ಎಂದು ದಿನದಿನವೂ ತಪ್ಪು ಪಟ್ಟಿ ಮಾಡುತ್ತಾ ಹೋಗುವವರ ಕಣ್ಣು ಕ್ರಮೇಣ ಮಗುವಿನಿಂದ ಸರಿದು ಮಾಜಿ ಸಂಗಾತಿಯ ಮೇಲೆಯೇ ನೆಟ್ಟುಬಿಡುತ್ತದೆ. ನ್ಯಾಯಾಲಯದಲ್ಲಿ ಪ್ರಕರಣ ಇನ್ನೂ ನಡೆಯುತ್ತಿರುವವರಿಗೆ ದಾಖಲೆ ಬೇಕಾಗಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಉಳಿದವರು ಆ ಭಾಗವನ್ನು ಖಾಲಿ ಬಿಡುವುದೇ ಲೇಸು.

ಮಕ್ಕಳಿಗೂ, ಅಜ್ಜ-ಅಜ್ಜಿ ಅಥವಾ ಮಗುವನ್ನು ನೋಡಿಕೊಳ್ಳುವ ಇತರರಿಗೂ ಪ್ರತ್ಯೇಕ ಖಾತೆ ತೆರೆಯಬಹುದು. ಅವಕ್ಕೆ ಬೇರೆ ಚಂದಾ ಇಲ್ಲ. ಮಗುವಿನ ಖಾತೆಯಿಂದ ಪಾಲಕರ ನಡುವಿನ ಸಂದೇಶಗಳು ಕಾಣುವುದಿಲ್ಲ, ಕಾಣಲೂ ಬಾರದು. ಮಗು ತನ್ನ ಕ್ಯಾಲೆಂಡರನ್ನು ತಾನೇ ನೋಡಿಕೊಳ್ಳಬಹುದು ಎಂಬುದರ ಬೆಲೆ ನನಗೆ ಅರ್ಥವಾದದ್ದು ತಡವಾಗಿ. ವಿಶ್ವಸಂಸ್ಥೆ 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 9ನೆಯ ವಿಧಿ, ತಂದೆ ಅಥವಾ ತಾಯಿಯಿಂದ ಬೇರೆಯಾಗಿರುವ ಮಗುವಿಗೆ ಇಬ್ಬರೊಂದಿಗೂ ನಿಯತವಾಗಿ ಸಂಬಂಧ ಇಟ್ಟುಕೊಳ್ಳುವ ಹಕ್ಕಿದೆ ಎನ್ನುತ್ತದೆ. ಮಗುವಿನ ಹಿತಕ್ಕೆ ವಿರುದ್ಧವಾದ ಸಂದರ್ಭ ಮಾತ್ರ ಇದಕ್ಕೆ ಹೊರತು. ಅದೇ ಒಡಂಬಡಿಕೆಯ 12ನೆಯ ವಿಧಿ, ತನಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನು ಮಗುವಿಗೆ ಕೊಡುತ್ತದೆ. ಅಂದರೆ ಈ ದಿನಗಳು ಅಪ್ಪನ ಆಸ್ತಿಯೂ ಅಲ್ಲ, ಅಮ್ಮನ ಆಸ್ತಿಯೂ ಅಲ್ಲ. ಇಷ್ಟಾಗಿಯೂ ಈ ಆ್ಯಪ್‌ನ ಇಡೀ ರಚನೆ ಪಾಲಕರ ಸುತ್ತಲೇ ಇದೆ. ದಿನ ಬದಲಿಸುವ ನಮೂನೆಯಲ್ಲಿ ಇಬ್ಬರು ದೊಡ್ಡವರ ಒಪ್ಪಿಗೆಗೆ ಜಾಗವಿದೆ. ಹನ್ನೆರಡು-ಹದಿಮೂರರ ಮಗುವಿಗೆ ಆ ಶನಿವಾರ ಗೆಳತಿಯ ಹುಟ್ಟುಹಬ್ಬವಿದೆ ಎಂಬುದನ್ನು ನಾವೇ ಕೇಳಿ ತಿಳಿದು ತುಂಬಬೇಕು. ದೊಡ್ಡ ಮಕ್ಕಳಿರುವವರು ಇದನ್ನು ಒಂದು ಕೊರತೆಯೆಂದೇ ಪರಿಗಣಿಸಬೇಕು.

ಚಂದಾ ವ್ಯವಸ್ಥೆಯ ಬಗ್ಗೆ ಒಂದು ಮಾತು. ತಂದೆ-ತಾಯಿ ಇಬ್ಬರೂ ಪ್ರತ್ಯೇಕವಾಗಿ ಚಂದಾ ಕಟ್ಟಬೇಕು, ಒಬ್ಬರು ಸೇರಿ ಇನ್ನೊಬ್ಬರು ಸೇರದಿದ್ದರೆ ಪ್ರಯೋಜನ ಬಹಳ ಕಡಿಮೆ. ಎರಡು ಮನೆ ನಡೆಸುವ ಖರ್ಚಿನ ಮೇಲೆ ಇದು ಇನ್ನೊಂದು ಖರ್ಚು, ನಿಜ. ಟಾಕಿಂಗ್‌ಪೇರೆಂಟ್ಸ್ ಎಂಬ ಇನ್ನೊಂದು ಸೇವೆಯೂ ಅಳಿಸಲಾಗದ ಸಂದೇಶಗಳನ್ನು ನೀಡುತ್ತದೆ. ಫೋನ್ ಕರೆಗಳನ್ನೂ ಧ್ವನಿಮುದ್ರಿಸಿ ಬರಹಕ್ಕಿಳಿಸುವ ಏರ್ಪಾಡು ಅದರ ವಿಶೇಷ. ಮಾತಿನಲ್ಲಿ ಬೆದರಿಸಿ ಬರಹದಲ್ಲಿ ಸಭ್ಯವಾಗಿರುವ ವ್ಯಕ್ತಿಯೊಂದಿಗೆ ವ್ಯವಹರಿಸಬೇಕಾದವರು ಅದನ್ನು ಪರಿಶೀಲಿಸಬೇಕು. ಇಬ್ಬರ ನಡುವೆ ವಿಶ್ವಾಸ ಉಳಿದಿದ್ದರೆ ಇದಾವುದೂ ಬೇಡ. ಒಂದು ಹಂಚಿಕೊಂಡ ಗೂಗಲ್ ಕ್ಯಾಲೆಂಡರ್, ಒಂದು ಲೆಕ್ಕದ ಹಾಳೆ ಸಾಕು.

ಹಾಗಾದರೆ ಇದು ಯಾರಿಗೆ? ವಿಚ್ಛೇದಿತ ಪಾಲಕರ ಸಂಬಂಧಗಳನ್ನು ಅಧ್ಯಯನ ಮಾಡಿದ ಅಮೆರಿಕದ ವಿದ್ವಾಂಸೆ ಕಾನ್‌ಸ್ಟನ್ಸ್ ಆ್ಯರನ್ಸ್ ಅವರು ಅಂಥವರನ್ನು ಐದು ಬಗೆಯಾಗಿ ವಿಂಗಡಿಸಿದ್ದರು: ಆಪ್ತ ಗೆಳೆಯರಾಗಿಯೇ ಉಳಿದವರು, ಸಹಕರಿಸುವ ಸಹೋದ್ಯೋಗಿಗಳಂಥವರು, ಕೋಪ ಆರದ ಪಾಲುದಾರರು, ಉರಿಯುವ ಶತ್ರುಗಳು, ಸಂಪರ್ಕವನ್ನೇ ಕಡಿದುಕೊಂಡವರು. ಮೊದಲಿನವರಿಗೆ ಆ್ಯಪ್ ಬೇಕಿಲ್ಲ, ಕೊನೆಯವರಿಗೆ ಉಪಯೋಗವಿಲ್ಲ. ಎರಡನೆಯ ಮತ್ತು ಮೂರನೆಯ ಬಗೆಯವರಿಗೆ, ಅದರಲ್ಲೂ ಮಗುವಿನ ಹಿತದಲ್ಲಿ ಒಮ್ಮತವಿದ್ದು ದನಿ ಕೇಳಿದರೆ ಮಾತ್ರ ಮೈ ಉರಿಯುವವರಿಗೆ, ಇದನ್ನು ನಾನು ಮನಸಾರೆ ಶಿಫಾರಸು ಮಾಡುತ್ತೇನೆ. ಜಗಳ ಶಮನವಾಗುವ ಸೂಚನೆಯೇ ಇಲ್ಲದವರು ಸಮಾನಾಂತರ ಪಾಲನೆ ಎಂಬ ಬೇರೆ ದಾರಿಯನ್ನು ಹಿಡಿಯುತ್ತಾರೆ: ಅವರವರ ಮನೆಯಲ್ಲಿ ಅವರವರ ನಿಯಮ, ಇಬ್ಬರ ನಡುವೆ ಅನಿವಾರ್ಯವಾದ ಮಾಹಿತಿ ಮಾತ್ರ, ಅದೂ ಬರಹದಲ್ಲಿ. ಅವರಿಗೂ ಈ ಆ್ಯಪ್ ಸರಿಯಾಗಿ ಹೊಂದುತ್ತದೆ.

ಆದರೆ ಹೊಡೆತ, ಬೆದರಿಕೆ, ಹಿಂಬಾಲಿಸುವಿಕೆ ಇದ್ದ ದಾಂಪತ್ಯದಿಂದ ಹೊರಬಂದವರಿಗೆ ಈ ಶಿಫಾರಸು ಅನ್ವಯಿಸುವುದಿಲ್ಲ. ಅಂಥ ಕಡೆ ಸಹಕಾರವನ್ನು ನಿರೀಕ್ಷಿಸುವುದೇ ತಪ್ಪು. ಪ್ರತಿ ಸಂದೇಶವೂ ಹತೋಟಿಯ ಹಳೆಯ ಹಗ್ಗವನ್ನು ಮತ್ತೆ ಎಳೆಯುವ ಅವಕಾಶವಾಗುತ್ತದೆ. ಅವರು ಮೊದಲು ವಕೀಲರನ್ನೂ ರಕ್ಷಣೆಯ ವಿಷಯ ತಿಳಿದ ಆಪ್ತಸಮಾಲೋಚಕರನ್ನೂ ಕಂಡು, ಯಾವ ಸಂಪರ್ಕ ಸುರಕ್ಷಿತ ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು. ವಾಸದ ವಿಳಾಸ, ಹೊಸ ಶಾಲೆ ಮುಂತಾದವನ್ನು ಹಂಚಿಕೊಂಡ ಮಾಹಿತಿ ಕೋಶದಲ್ಲಿ ತುಂಬುವ ಮೊದಲು ಈ ಮಾತು ಇನ್ನಷ್ಟು ಮುಖ್ಯ.

ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಬೇಕು. ಆ್ಯಪ್ ಒಪ್ಪಂದವನ್ನು ಕಾಪಾಡಬಲ್ಲದು, ಒಪ್ಪಂದವನ್ನು ಹುಟ್ಟಿಸಲಾರದು. ವರ್ಜೀನಿಯಾ ವಿಶ್ವವಿದ್ಯಾಲಯದ ಮನೋವಿಜ್ಞಾನಿ ರಾಬರ್ಟ್ ಎಮೆರಿ ಅವರು ಮಕ್ಕಳ ಪಾಲನೆಗಾಗಿ ನ್ಯಾಯಾಲಯಕ್ಕೆ ಬಂದ ದಂಪತಿಗಳಲ್ಲಿ ಕೆಲವರನ್ನು ಮಧ್ಯಸ್ಥಿಕೆಗೂ ಕೆಲವರನ್ನು ಎಂದಿನ ವ್ಯಾಜ್ಯದ ದಾರಿಗೂ ಯಾದೃಚ್ಛಿಕವಾಗಿ ಹಂಚಿ, 12 ವರ್ಷಗಳ ಬಳಿಕ ಮತ್ತೆ ವಿಚಾರಿಸಿದರು. ಕೆಲವೇ ಗಂಟೆಗಳ ಮಧ್ಯಸ್ಥಿಕೆಗೆ ಕೂತಿದ್ದ ಕುಟುಂಬಗಳಲ್ಲಿ, ಮಗುವಿನೊಂದಿಗೆ ವಾಸಿಸದ ಪಾಲಕರು ಅಷ್ಟು ವರ್ಷಗಳ ನಂತರವೂ ಮಕ್ಕಳ ಬದುಕಿನಲ್ಲಿ ಹೆಚ್ಚು ಪಾಲುಗೊಂಡಿದ್ದು ಕಂಡುಬಂತು. ಎದುರುಬದುರು ಕೂತು, ಮೂರನೆಯವರ ಸಮ್ಮುಖದಲ್ಲಿ, ಮಗುವಿನ ವಾರ ಹೇಗಿರಬೇಕೆಂದು ಮಾತಾಡಿದ ಆ ಗಂಟೆಗಳ ಜಾಗವನ್ನು ಯಾವ ತಂತ್ರಾಂಶವೂ ತುಂಬುವುದಿಲ್ಲ. ಅದಿನ್ನೂ ಆಗಿಲ್ಲದಿದ್ದರೆ ಚಂದಾ ಹಣವನ್ನು ಮೊದಲು ಅದಕ್ಕೆ ಬಳಸುವುದು ವಿವೇಕ.

ಸೇರಲು ನಿರ್ಧರಿಸಿದವರು ಎಲ್ಲವನ್ನೂ ಒಟ್ಟಿಗೆ ಆರಂಭಿಸದಿರುವುದು ಒಳ್ಳೆಯದು. ಮೊದಲು ಕ್ಯಾಲೆಂಡರನ್ನೂ ಮಾಹಿತಿ ಕೋಶವನ್ನೂ ಇಬ್ಬರೂ ಪೂರ್ತಿ ತುಂಬಲಿ. ಇವೆರಡರಲ್ಲಿ ವಾದಕ್ಕೆ ಆಸ್ಪದ ಕಡಿಮೆ. ಕೆಲವು ವಾರಗಳ ನಂತರ ಖರ್ಚಿನ ಲೆಕ್ಕ ಬರಲಿ, ಅದಕ್ಕೆ ಮೊದಲು ಶೇಕಡಾವಾರು ಪಾಲು ಕಾಗದದ ಮೇಲೆ ನಿಶ್ಚಯವಾಗಿರಲಿ. ಸಂದೇಶಗಳನ್ನು ವಾಟ್ಸ್ಆ್ಯಪ್‌ನಿಂದ ಇಲ್ಲಿಗೆ ವರ್ಗಾಯಿಸುವ ದಿನ ಯಾವುದೆಂದು ಇಬ್ಬರೂ ಒಪ್ಪಿಕೊಂಡು, ಆ ದಿನದಿಂದ ಹಳೆಯ ದಾರಿಯನ್ನು ನಿಜವಾಗಿಯೂ ಮುಚ್ಚಬೇಕು, ಏಕೆಂದರೆ ಎರಡೂ ತೆರೆದಿದ್ದರೆ ಸಿಟ್ಟಿನ ಮಾತುಗಳೆಲ್ಲ ಹಳೆಯ ದಾರಿಯಲ್ಲೇ ಹರಿಯುತ್ತವೆ. ಮತ್ತು ಅದೇ ದಿನ ಮಗುವನ್ನು ಕೂರಿಸಿಕೊಂಡು, ಇನ್ನು ಮುಂದೆ ಅಪ್ಪನಿಗಾಗಲಿ ಅಮ್ಮನಿಗಾಗಲಿ ನೀನು ಏನನ್ನೂ ತಲುಪಿಸಬೇಕಾಗಿಲ್ಲ, ಮರೆತರೆ ಯಾರೂ ಕೇಳುವುದಿಲ್ಲ ಎಂದು ಇಬ್ಬರೂ ಅವರವರ ಮನೆಯಲ್ಲಿ ತಿಳಿಸಬೇಕು.